ಕೆಡವಲಿರುವ ಕಟ್ಟಡಕ್ಕೆ ಬಣ್ಣ

ಸೂಜಿಯಕ್ಕನಿಗೆ ಚಿಂತೆ ಮಾಡಲು ಕಾರಣವೇ ಬೇಕಾಗಿರಲಿಲ್ಲ. ಪ್ಯಾಂಟಿನ ಅಂಚು ಮಡಚಿ ಹೊಲಿದು ಕೊಟ್ಟ ಮೇಲೆ, ಗಿರಾಕಿ ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತು ಅವನ ಕಾಲನ್ನೇ ನೋಡುತ್ತಿದ್ದಳು. ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ ಆಗಿಬಿಟ್ಟಿತೇನೋ ಎಂಬ ಅನುಮಾನ. ಇಷ್ಟು ವರ್ಷಗಳಲ್ಲಿ ಹಾಗಾದದ್ದು ಒಂದೇ ಒಂದು ಸಲ, ಅದೂ ಆ ಗಿರಾಕಿಯ ಕಾಲೇ ಹಾಗಿತ್ತು. ಆದರೂ ಅನುಮಾನ ಹೋಗಲಿಲ್ಲ. ಇಂಥವಳನ್ನು ಹಿಡಿದು ಸಾಲಂಗಡಿಯವರೆಲ್ಲ ತಮ್ಮ ಸಂಘಕ್ಕೆ ಕಾರ್ಯದರ್ಶಿ ಮಾಡಿದ್ದರು. "ನಮ್ಮೆಲ್ಲರ ಪಾಲಿನ ಚಿಂತೆ ಅವಳೊಬ್ಬಳೇ ಮಾಡ್ತಾಳೆ, ನಾವು ಹಾಯಾಗಿರಬಹುದು" ಎಂದು ಕ್ಷೌರದಂಗಡಿಯವನು ಹೇಳಿದ ಮಾತು ಎಲ್ಲರಿಗೂ ಒಪ್ಪಿಗೆಯಾಗಿತ್ತು.

ಈ ಸಲ ಮಾತ್ರ ಅವಳ ಚಿಂತೆಗೆ ನಿಜವಾದ ಕಾರಣ ಇತ್ತು.

ಸಾಲಂಗಡಿ ಎಂದರೆ ಊರಂಚಿನ ಆ ಬಡಾವಣೆಯ ನಡುವೆ ಮೂರು ಕಡೆ ಅಂಗಡಿಗಳು, ಮುಂದೆ ಕಂಬಗಳ ಜಗಲಿ, ಮಧ್ಯೆ ಒಂದು ಅಂಗಳ. ಬಡಾವಣೆಯ ಮನೆಗಳ ಜೊತೆಗೇ ಹುಟ್ಟಿ, ಮನೆಗಳಿಗಿಂತ ಬೇಗ ಮುದಿಯಾದ ಕಟ್ಟಡ. ಒಂದು ತುದಿಯಲ್ಲಿದ್ದ ದೊಡ್ಡ ದಿನಸಿ ಮಳಿಗೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಶಟರು ತುಕ್ಕು ಹಿಡಿದು ಕೆಳಗಡೆ ಕೊರೆದುಹೋಗಿತ್ತು. ಒಳಗೆ ಪಾರಿವಾಳಗಳ ಸಂಸಾರ. ಕಂಬಗಳ ಗಾರೆ ಉದುರಿ ಒಳಗಿನ ಕಬ್ಬಿಣದ ಸರಳು ಕಾಣುತ್ತಿತ್ತು. ಅಂಗಳದಲ್ಲಿ ಮಳೆನೀರು ನಿಂತರೆ ವಾರಗಟ್ಟಲೆ ಇಳಿಯುತ್ತಿರಲಿಲ್ಲ. ಸೂಜಿಯಕ್ಕನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪಕ್ಕ ಒಂದು ಬಕೆಟ್ಟು ಕಾಯಂ ಆಗಿ ಇತ್ತು. ಮಳೆ ಜೋರಾದರೆ ಮೊದಲು ಬಟ್ಟೆ ಎತ್ತಿಡಬೇಕು, ಆಮೇಲೆ ಅತ್ತೆಯನ್ನು ಎಬ್ಬಿಸಿ ಕುರ್ಚಿ ಸರಿಸಬೇಕು. "ಈ ಅಂಗಡೀಲಿ ಮೊದಲ ಮರ್ಯಾದೆ ಬಟ್ಟೆಗೆ, ಆಮೇಲೆ ಬಕೆಟ್ಟಿಗೆ, ಉಳಿದಿದ್ದು ನನಗೆ" ಎಂದು ಗುಂಡಿ ಹೊಲಿಯುತ್ತ ಕೂತ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಕಟ್ಟಡದ ಮಾಲೀಕರು ಈ ಜಾಗವನ್ನು ಯಾವುದೋ ಸಾಗಣೆ ಕಂಪನಿಗೆ ಮಾರಲು ಹೊರಟಿದ್ದರು. ಅವರು ಕೊಂಡರೆ ಅಂಗಡಿಗಳೆಲ್ಲ ಹೋಗಿ ಗೋದಾಮು ಬರುತ್ತದೆ. ಅದನ್ನು ತಡೆಯಲು ಇದ್ದದ್ದು ಒಂದೇ ದಾರಿ. ನಗರ ಯೋಜನಾ ಕಚೇರಿಯವರು ಈ ಜಾಗವನ್ನು 'ಮರುನಿರ್ಮಾಣ ವಲಯ' ಎಂದು ಗುರುತಿಸಬೇಕು. ಹಾಗೆ ಗುರುತಿಸಿದರೆ ಇಲ್ಲಿ ಗೋದಾಮು ಕಟ್ಟುವಂತಿಲ್ಲ. ಹಳೆಯದನ್ನು ಕೆಡವಿ ಕೆಳಗೆ ಹೊಸ ಅಂಗಡಿ, ಮೇಲೆ ಮನೆ, ನಡುವೆ ಮರ, ಮೆಟ್ಟಿಲಿನ ಪಕ್ಕ ಇಳಿಜಾರು, ಎಲ್ಲ ಬರಬೇಕು. ಈಗ ಇರುವ ಅಂಗಡಿಯವರಿಗೆ ಹೊಸದರಲ್ಲಿ ಮೊದಲು ಜಾಗ ಕೊಡಬೇಕು. ಬಡಾವಣೆಯ ಜನ ಒಬ್ಬರೂ ಬಿಡದೆ ಇದಕ್ಕೆ ಸಹಿ ಹಾಕಿದ್ದರು. ಅರ್ಜಿ ಬರೆದವಳು ಸೂಜಿಯಕ್ಕ. ಸಂಜೆ ಶಾಲೆಯಲ್ಲಿ ಕಲಿತ ಅಕ್ಷರ, ಕಚೇರಿಯವರು ನಕ್ಕುಬಿಟ್ಟರೆ ಏನು ಗತಿ ಎಂದು ಬರೆದು, ಹರಿದು, ಮತ್ತೆ ಬರೆದು ಕಳಿಸಿದ್ದಳು. ವಲಯ ಆಗದಿದ್ದರೆ ಅವಳಿಗೆ ಅಂಗಡಿ ಇಲ್ಲ. ಬೇರೆ ಕಡೆ ಬಾಡಿಗೆ ಹಿಡಿಯುವ ಶಕ್ತಿಯೂ ಇಲ್ಲ. ಗಂಡ ಬಸ್ಸು ಓಡಿಸುತ್ತಿದ್ದ. ಅವನ ಸಂಬಳ ಮನೆಗೆ, ಇವಳ ದುಡಿಮೆ ಮನೆಯವರ ನೆಮ್ಮದಿಗೆ ಎಂಬುದು ಅವರ ಲೆಕ್ಕ.

ಯೋಜನಾ ಕಚೇರಿಯ ಅಧಿಕಾರಿಯೊಬ್ಬರು ನಾಡಿದ್ದು ಬೆಳಿಗ್ಗೆ ಸ್ಥಳ ನೋಡಲು ಬರುತ್ತಾರೆ ಎಂಬ ಸುದ್ದಿ ಬಂದಾಗ ಸೂಜಿಯಕ್ಕ ನೇರ ಕ್ಷೌರದಂಗಡಿಗೆ ಓಡಿದಳು. ಅಲ್ಲಿ ಹೇಳಿದರೆ ಎಲ್ಲರಿಗೂ ಹೇಳಿದ ಹಾಗೆ. ಕ್ಷೌರದವನ ಹೆಸರೇ ರೇಡಿಯೋ. ಕತ್ತರಿ ನಿಂತರೂ ಬಾಯಿ ನಿಲ್ಲದ ಮನುಷ್ಯ.

"ನಾಡಿದ್ದಾ!" ರೇಡಿಯೋ ಗಿರಾಕಿಯ ತಲೆಯನ್ನು ಅರ್ಧಕ್ಕೆ ಬಿಟ್ಟು ತಿರುಗಿದ. "ತಂಗೀ, ಈ ಅವಸ್ಥೇಲಿ ಅವರನ್ನ ಕರ್ಕೊಂಡು ಬರೋಕಾಗುತ್ತಾ? ಮನೆಗೆ ಜನ ಬರ್ತಾರೆ ಅಂದ್ರೆ ಕಸನಾದ್ರೂ ಗುಡಿಸ್ಬೇಡ್ವಾ?"

"ಹೌದಣ್ಣ, ನಾನೂ ಅದೇ ಅಂದ್ಕೊಂಡೆ. ಸ್ವಲ್ಪ ನೀಟಾಗಿ ಕಾಣಲಿ."

"ಸ್ವಲ್ಪ ಯಾಕೆ? ಮಾಡೋದಾದ್ರೆ ಸರಿಯಾಗಿ ಮಾಡೋಣ. ನನ್ನ ಕೈಗೆ ಬಿಡು."

"ರೇಡಿಯೋ, ನನ್ನ ತಲೆ ಯಾರ ಕೈಗೆ ಬಿಟ್ಟೆ?" ಎಂದ ಕುರ್ಚಿಯಲ್ಲಿದ್ದವನು.

ಎಲ್ಲದರ ಮೇಲೂ ಅನುಮಾನ ಪಡುವವಳಿಗೆ, ಅನುಮಾನ ಬರಬೇಕಾದ ಜಾಗದಲ್ಲೇ ಬರಲಿಲ್ಲ.

ಮರುದಿನ ಸಾಲಂಗಡಿಯಲ್ಲಿ ವ್ಯಾಪಾರ ಬಂದ್. ಬಡಾವಣೆಯವರು ಪೊರಕೆ, ಬಕೆಟ್ಟು, ಏಣಿ ಹಿಡಿದು ಬಂದರು. ಮನೆಮನೆಯಲ್ಲಿ ಮಿಕ್ಕಿದ್ದ ಬಣ್ಣದ ಡಬ್ಬಗಳು ಹೊರಬಂದವು: ಒಬ್ಬರ ಅಡುಗೆಮನೆಯ ಹಳದಿ, ಇನ್ನೊಬ್ಬರ ಮಗುವಿನ ಕೋಣೆಯ ಗುಲಾಬಿ, ಮತ್ತೊಬ್ಬರ ಗೇಟಿನ ಕಂದು. ಒಂದೊಂದು ಕಂಬಕ್ಕೆ ಒಂದೊಂದು ಬಣ್ಣ ಬಳಿದರೆ ಶಿಸ್ತಿಲ್ಲ ಎಂದು ರೇಡಿಯೋ ಎಲ್ಲವನ್ನೂ ಒಂದೇ ದೊಡ್ಡ ಡ್ರಮ್ಮಿಗೆ ಸುರಿದು ಕೋಲಿನಿಂದ ಕಲಕಿದ. ಬಂದ ಬಣ್ಣಕ್ಕೆ ಹೆಸರಿರಲಿಲ್ಲ.

"ಇದೇನೋ ಇದು?" ಅತ್ತೆ ಕುರ್ಚಿಯಿಂದಲೇ ಕೇಳಿದಳು. "ಬೆಕ್ಕಿನ ನಾಲಿಗೆ ಬಣ್ಣ."

"ಅಮ್ಮಾ, ಒಣಗಿದ ಮೇಲೆ ನೋಡಿ ಮಾತಾಡಿ."

"ಒಣಗಿದ ಮೇಲೆ ಮುದಿ ಬೆಕ್ಕಿನ ನಾಲಿಗೆ ಆಗುತ್ತೆ, ಅಷ್ಟೇ."

ಆದರೆ ಬಳಿದ ಮೇಲೆ ಚೆನ್ನಾಗಿಯೇ ಕಂಡಿತು. ಎಲ್ಲ ಕಂಬಗಳೂ ಒಂದೇ ಬಣ್ಣದಲ್ಲಿ ಸಾಲಾಗಿ ನಿಂತಾಗ ಕಟ್ಟಡಕ್ಕೆ ಒಂದು ಗತ್ತು ಬಂತು. ಸರಳು ಕಾಣುತ್ತಿದ್ದ ಕಡೆಗೆಲ್ಲ ರೇಡಿಯೋ ತಾನೇ ಸಿಮೆಂಟು ಕಲಸಿ ಮೆತ್ತಿ, ಅಂಗೈಯಿಂದ ನಯ ಮಾಡಿ, ಮೇಲೆ ಬಣ್ಣ ಎಳೆದ. ಗಲ್ಲಕ್ಕೆ ಸಾಬೂನು ಹಚ್ಚುವ ಕೈ. ನಯಗೆಲಸ ಅವನಿಗೆ ಗೊತ್ತಿತ್ತು. ಬೀಗ ರಿಪೇರಿ ತಾತ, ಯಾವತ್ತೂ ಯಾವುದಕ್ಕೂ ಒಳ್ಳೆ ಮಾತಾಡದವನು, ಎಲ್ಲರ ಶಟರಿಗೂ ಎಣ್ಣೆ ಬಿಟ್ಟ. "ಇದರಿಂದ ಏನೂ ಆಗಲ್ಲ" ಎಂದು ಒಂದೊಂದು ಶಟರಿಗೂ ಒಂದೊಂದು ಸಲ ಹೇಳಿದ. ಬೇಕರಿಯವನು ಅಂಗಳದ ಹೊಂಡಕ್ಕೆ ಮರಳು ತುಂಬಿಸಿದ. ಸೂಜಿಯಕ್ಕ ಬೆಳಗಿಂದ ಯಂತ್ರದಿಂದ ಏಳಲಿಲ್ಲ. ಮುಚ್ಚಿದ ದಿನಸಿ ಮಳಿಗೆಯ ಆ ಕುರೂಪ ಶಟರು ಮರೆಯಾಗಬೇಕಲ್ಲ, ಅದಕ್ಕೆ ಜನ ತಂದುಕೊಟ್ಟ ಹಳೆಯ ಪರದೆಗಳನ್ನೆಲ್ಲ ಜೋಡಿಸಿ, ಅಂಚಿಗೆ ಅಂಚು ಕೂಡಿಸಿ, ಆನೆಯನ್ನೂ ಮುಚ್ಚಬಹುದಾದಷ್ಟು ದೊಡ್ಡ ಒಂದು ಪರದೆ ಹೊಲಿದಳು. ಗಾಳಿಗೆ ಹಾರದಿರಲಿ ಎಂದು ಅದನ್ನು ಶಟರಿನ ಮೇಲಿನ, ಪಕ್ಕದ ಕಬ್ಬಿಣದ ಸಲಾಕೆಗಳಿಗೆ ಸುತ್ತಿ, ನಿಂತಲ್ಲೇ ಕೈಹೊಲಿಗೆ ಹಾಕಿ ಬಿಗಿದಳು. ಕೊನೆಗೆ ಬಕೆಟ್ಟನ್ನು ತನ್ನ ಅಂಗಡಿಯಲ್ಲಿ ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಮೂಲೆಯ ಪರದೆಯ ಹಿಂದೆ ಅಡಗಿಸಿಟ್ಟಳು.

ಸಂಜೆ ಜಗಲಿಯ ದೀಪಗಳು ಹತ್ತಿದವು. ಎಷ್ಟೋ ಕಾಲದಿಂದ ಕಣ್ಣು ಮಿಟುಕಿಸುತ್ತಿದ್ದ ದೀಪಗಳನ್ನು ಅವಳ ಗಂಡ ಡ್ಯೂಟಿ ಮುಗಿಸಿ ಬಂದು ಸರಿಮಾಡಿದ್ದ. ಜನ ಮನೆಗೆ ಹೋಗಲೊಲ್ಲದೆ ಮೆಟ್ಟಿಲ ಮೇಲೆ ಕೂತರು. ಬೇಕರಿಯವನು ಬಿಸಿ ಬ್ರೆಡ್ಡು ಹಂಚಿದ. ಯಾರ ಮಗುವೋ ಯಾರ ಮಡಿಲಲ್ಲೋ ನಿದ್ದೆ ಹೋಯಿತು. ಸೂಜಿಯಕ್ಕ ನೋಯುವ ಬೆರಳುಗಳನ್ನು ಅಮುಕಿಕೊಳ್ಳುತ್ತ ಕಂಬಕ್ಕೊರಗಿ, ಬಣ್ಣ ಹಸಿಯಿದೆ ಎಂದು ನೆನಪಾಗಿ ಸರಕ್ಕನೆ ಎದ್ದು, ಎಲ್ಲರೂ ನಕ್ಕಾಗ ತಾನೂ ನಕ್ಕಳು. ತಾನು ಈ ದಿನ ಒಂದು ಸಲವೂ ಹೆದರಲಿಲ್ಲವಲ್ಲ ಎಂದು ಅವಳಿಗೇ ಆಶ್ಚರ್ಯ.

ಮರುದಿನ ಬೆಳಿಗ್ಗೆ ಅಧಿಕಾರಿ ಬಸ್ಸಿನಲ್ಲಿ ಬಂದರು. ನಡುವಯಸ್ಸಿನ ಹೆಂಗಸು, ಹೆಗಲಿಗೆ ಚೀಲ, ಕಾಲಿಗೆ ದೂರ ನಡೆಯುವವರ ಬೂಟು. ಅವರ ಹಿಂದೆಯೇ ಕಾರಿನಲ್ಲಿ ಮಾಲೀಕರ ಮ್ಯಾನೇಜರು ಬಂದ. ಕೋಟು ತೊಟ್ಟ ಆ ಮನುಷ್ಯನನ್ನು ಸಾಲಂಗಡಿಯವರು ನೋಡಿದ್ದು ಬಾಡಿಗೆ ಏರಿಸುವಾಗ ಮಾತ್ರ.

ಅಧಿಕಾರಿ ಅಂಗಳದ ನಡುವೆ ನಿಂತು, ಕನ್ನಡಕ ಮೇಲೇರಿಸಿ, ಒಂದು ಸುತ್ತು ನೋಡಿದರು.

"ಅರ್ಜೀಲಿ ಬರೆದಿದ್ದು ಇದೇ ಜಾಗಾನಾ?"

"ಇದೇ ಮೇಡಂ." ರೇಡಿಯೋ ಎದೆ ಮುಂದೆ ಮಾಡಿ ನಿಂತಿದ್ದ. "ಹೇಗಿದೆ?"

"ಚೆನ್ನಾಗಿದೆಯಲ್ಲ!"

ರೇಡಿಯೋ ಬಹುಮಾನ ಬಂದವನ ಹಾಗೆ ಎಲ್ಲರ ಕಡೆ ನೋಡಿದ. ಸೂಜಿಯಕ್ಕನೂ ನಕ್ಕಳು. ಅಷ್ಟರಲ್ಲಿ ಅಧಿಕಾರಿ ಆ ಮಾತನ್ನೇ ಬರೆದುಕೊಳ್ಳುವುದು ಕಂಡು ಅವಳ ನಗು ಮುಖದ ಮೇಲೇ ಅರ್ಧಕ್ಕೆ ನಿಂತಿತು.

"ನಾನೂ ಮೊದಲಿಂದ ಅದೇ ಹೇಳ್ತಿರೋದು ಮೇಡಂ," ಕೋಟಿನವನು ಮುಂದೆ ಬಂದ. "ಕಟ್ಟಡ ಗಟ್ಟಿಮುಟ್ಟಾಗಿದೆ. ಇವರೂ ಎಷ್ಟು ಮುತುವರ್ಜಿಯಿಂದ ನೋಡ್ಕೊಂಡಿದ್ದಾರೆ ನೋಡಿ. ಇಂಥದ್ದಕ್ಕೆ ವಲಯ ಗಿಲಯ ಯಾಕೆ?" ಎಂದು ಜೇಬಿನಿಂದ ಫೋನು ತೆಗೆದು ಕಂಬಗಳ ಫೋಟೋ ಹೊಡೆಯತೊಡಗಿದ.

ಆಗ, ಆಗ ಮಾತ್ರ, ನಿನ್ನೆ ತಾವೆಲ್ಲ ಸೇರಿ ಏನು ಮಾಡಿದ್ದೇವೆ ಎಂಬುದು ಸೂಜಿಯಕ್ಕನಿಗೆ ಹೊಳೆಯಿತು. ಕಟ್ಟಡ ಹಾಳಾಗಿದೆ, ಕೆಡವಿ ಹೊಸದು ಕಟ್ಟಿಸಿ ಎಂದು ಕೇಳಿಕೊಂಡವರು, ಅದು ಹಾಳಾಗಿದೆಯೇ ಎಂದು ನೋಡಲು ಬಂದವರ ಮುಂದೆ ಅದಕ್ಕೆ ಮದುವಣಗಿತ್ತಿಯ ಹಾಗೆ ಸಿಂಗಾರ ಮಾಡಿ ನಿಲ್ಲಿಸಿದ್ದರು.

"ಛಾವಣಿ ಸೋರುತ್ತೆ ಅಂತ ಇದೆ," ಅಧಿಕಾರಿ ಹಾಳೆ ತಿರುವಿದರು. "ನಿಮ್ಮಲ್ಲಿ ಸೋರುತ್ತಾ?"

ಬೇಕರಿಯವನು ನಾಚಿಕೊಂಡ. "ಸೋರುತ್ತೆ... ಅಂದ್ರೆ, ಮಳೆ ಬಂದಾಗ ಮಾತ್ರ ಮೇಡಂ."

"ಮೆಟ್ಟಿಲು ಹತ್ತೋದು ವಯಸ್ಸಾದವರಿಗೆ ಕಷ್ಟ ಅಂತಲೂ ಇದೆ."

ಎದುರು ಮನೆಯ ಅಜ್ಜಿ, ಇಬ್ಬರು ಎರಡು ಕಡೆ ರಟ್ಟೆ ಹಿಡಿಯದಿದ್ದರೆ ಆ ಮೆಟ್ಟಿಲು ಹತ್ತಲಾರದವಳು, "ಅಂಥದ್ದೇನಿಲ್ಲ ತಾಯಿ, ನಿಧಾನಕ್ಕೆ ಹತ್ತಿದ್ರೆ ಆಯ್ತು" ಎಂದಳು. ಬಂದವರ ಮುಂದೆ ಗೋಳು ಹೇಳಿಕೊಳ್ಳುವುದು ಅಜ್ಜಿಗೆ ಸೇರದು.

"ಒಟ್ಟಲ್ಲಿ ತೊಂದರೆ ಏನು?"

"ತೊಂದರೆ ಏನಿಲ್ಲ ಮೇಡಂ" ಎಂದರು ನಾಲ್ಕಾರು ಮಂದಿ ಒಟ್ಟಿಗೆ. ಹಾಗೆ ಅಂದದ್ದು ಸೌಜನ್ಯಕ್ಕೆ. ಅಧಿಕಾರಿ ಅದನ್ನೂ ಬರೆದುಕೊಂಡರು. ಕೋಟಿನವನು ಗಡಿಯಾರ ನೋಡಿದ.

ಈಗ ಮಾತಾಡಿದರೆ ರೇಡಿಯೋ ಮುಖಕ್ಕೆ ಹೊಡೆದ ಹಾಗೆ. ನಿನ್ನೆ ಇಡೀ ದಿನ ಬಿಸಿಲಲ್ಲಿ ಬೆವರು ಸುರಿಸಿದವರಿಗೆಲ್ಲ ಹೊಡೆದ ಹಾಗೆ. ಮಾತಾಡದಿದ್ದರೆ ಅಂಗಡಿ ಹೋಯಿತು. ತನ್ನದಷ್ಟೇ ಅಲ್ಲ, ಇವರೆಲ್ಲರದೂ ಹೋಯಿತು. ಅಷ್ಟಕ್ಕೂ ಕಾರ್ಯದರ್ಶಿ ಯಾರು? ಬೇರೆ ಯಾರಾದರೂ ಮಾತಾಡಲಿ ಎಂದು ಸೂಜಿಯಕ್ಕ ಅತ್ತಿತ್ತ ನೋಡಿದಳು. ಎಲ್ಲರೂ ಅಧಿಕಾರಿಯ ಕಡೆ ಹಲ್ಲು ಬಿಟ್ಟು ನಿಂತಿದ್ದರು. ಅತ್ತೆ ಮಾತ್ರ ಅಂಗಡಿಯ ಬಾಗಿಲಲ್ಲಿ ಕೂತು ಸೊಸೆಯನ್ನೇ ನೋಡುತ್ತಿದ್ದಳು.

"ಏನೇ, ಬಾಯಲ್ಲಿ ದಾರ ಇಟ್ಕೊಂಡಿದೀಯಾ?" ಎಂದಳು ಅತ್ತೆ, ಮೆಲ್ಲಗೆ.

"ಮೇಡಂ, ಒಂದ್ನಿಮಿಷ ಇಲ್ಲಿ ಬನ್ನಿ" ಎಂದು ಸೂಜಿಯಕ್ಕ ದಿನಸಿ ಮಳಿಗೆಯ ಕಡೆ ನಡೆದಳು. ನಡೆಯುತ್ತ ಕತ್ತಿನ ಟೇಪಿನ ಜೊತೆ ಸದಾ ನೇತಾಡುವ, ಹೊಲಿಗೆ ಬಿಚ್ಚುವ ಪುಟ್ಟ ಚಾಕನ್ನು ಕೈಗೆ ತೆಗೆದುಕೊಂಡಳು. ನಿನ್ನೆ ಹಾಕಿದ ಕೈಹೊಲಿಗೆಗೆ ತುದಿ ಕೊಟ್ಟು ಎಳೆದಳು. ದಾರ ಟಪಟಪ ಹರಿಯಿತು.

"ತಂಗೀ!" ರೇಡಿಯೋ ಕೂಗಿದ. "ಏನು ಮಾಡ್ತಿದೀಯ? ತಲೆ ಕೆಟ್ಟಿದೆಯಾ ನಿನಗೆ?"

"ಅಣ್ಣ, ಬೇಜಾರು ಮಾಡ್ಕೋಬೇಡ." ಅವಳು ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಲೇ ಇದ್ದಳು. "ನಿನ್ನೆ ಮಾಡಿದ್ದು ಚೆನ್ನಾಗೇ ಇತ್ತು. ಆದ್ರೆ ಮೇಡಂ ನೋಡೋಕೆ ಬಂದಿರೋದು ಅದನ್ನಲ್ಲ. ನಾವು ಮುಚ್ಚಿಟ್ಟಿದ್ದನ್ನ."

ಪರದೆ ಒಂದು ಕಡೆಯಿಂದ ಜಾರಿ ಬಿತ್ತು. ತುಕ್ಕು ಹಿಡಿದ ಶಟರು ಕಂಡಿತು. ಕೆಳಗಿನ ಕಂಡಿಯಿಂದ ಒಳಗಿನ ನೀರು, ಕೊಳೆತ ಹಲಗೆ, ಅದರ ಮೇಲೆ ತಮ್ಮ ಮನೆಗೆ ಯಾರು ಬಂದರೆಂದು ಕತ್ತು ಹೊರಳಿಸುವ ಪಾರಿವಾಳಗಳು. ಹಸಿ ವಾಸನೆ ಅಂಗಳಕ್ಕೆಲ್ಲ ಹರಡಿತು. ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ಬಗ್ಗಿ ನೋಡಿದರು.

"ಇದೆಲ್ಲ ನಿನ್ನೆ ಬಳಿದ ಬಣ್ಣ ಮೇಡಂ," ಎಂದಳು ಸೂಜಿಯಕ್ಕ. "ನೀವು ಬರ್ತೀರಂತ ಬಳಿದ್ವಿ. ಯೋಚನೆ ಮಾಡಲಿಲ್ಲ. ನಾನೇ ಯೋಚನೆ ಮಾಡ್ಬೇಕಿತ್ತು."

ಬೀಗದ ತಾತ ತನ್ನ ಸುತ್ತಿಗೆ ಹಿಡಿದು ಹತ್ತಿರದ ಕಂಬಕ್ಕೆ ಹೋಗಿ, ಬಾಗಿಲು ತಟ್ಟುವ ಹಾಗೆ ಮೆತ್ತಗೆ ಒಂದು ಏಟು ಕೊಟ್ಟ. ರೇಡಿಯೋ ನಯ ಮಾಡಿದ್ದ ಸಿಮೆಂಟು ಅಪ್ಪಳದಂತೆ ಕಳಚಿ ಬಿತ್ತು. ತುಕ್ಕು ಹಿಡಿದ ಸರಳು ಇಣುಕಿತು.

"ಏನೂ ಆಗಲ್ಲ ಅಂತ ಹೇಳಿದ್ದೆ" ಎಂದ ತಾತ.

"ಮೇಡಂ, ಇದೆಲ್ಲ ನಾಟಕ," ಕೋಟಿನವನು ದನಿಯೇರಿಸಿದ. "ನಿಮ್ಮ ಮುಂದೆ ಬೇಕಂತಲೇ ಒಡೀತಿದ್ದಾರೆ!"

"ನಾಟಕ ಆಡಿದ್ದು ನಿನ್ನೆ ಕಣಪ್ಪ," ಅತ್ತೆ ಬಕೆಟ್ಟು ಹಿಡಿದು ಹೊರಗೆ ಬರುತ್ತಿದ್ದಳು. "ಇವತ್ತು ಪರದೆ ತೆಗೆದಿದೀವಿ. ನೋಡಮ್ಮ, ಇದು ನಮ್ಮ ಬಕೆಟ್ಟು. ಒಳಗೆ ಬಾ, ಇದರ ಜಾಗ ತೋರಿಸ್ತೀನಿ. ಮೇಲೆ ನೋಡು, ಛಾವಣೀಲಿ ಹೇಗೆ ಮಚ್ಚೆ ಬಿದ್ದಿದೆ. ಮಳೆಗಾಲದಲ್ಲಿ ನಾನು ಛತ್ರಿ ಹಿಡ್ಕೊಂಡು ಗುಂಡಿ ಹೊಲೀತೀನಿ."

"ಛತ್ರಿನಾ?" ಬೇಕರಿಯವನಿಗೆ ತಡೆಯಲಾಗಲಿಲ್ಲ. "ಅದೇನು ಮಹಾ! ಮೇಡಂ, ನಮ್ಮ ಒಲೆ ಹಿಂದಿನ ಗೋಡೆ ನೋಡಿ. ಆಕಡೆಯಿಂದ ಈಕಡೆಗೆ ಬೆಳಕು ಬರುತ್ತೆ. ನನಗೆ ಕಿಟಕಿನೇ ಬೇಕಾಗಿಲ್ಲ."

"ನಿಂದು ಬೆಳಕು ತಾನೇ ಬರೋದು? ನನ್ನ ಅಂಗಡಿಗೆ ಇಲಿ ಬರುತ್ತೆ," ಎಂದ ಬೀಗದ ತಾತ. "ಊರಿನವರ ಬೀಗವೆಲ್ಲ ರಿಪೇರಿ ಮಾಡ್ತೀನಿ. ನನ್ನ ಬಾಗಿಲು ಚೌಕಟ್ಟಿಗೆ ಕೂರಲ್ಲ, ಬೀಗ ಹಾಕೋಕೇ ಆಗಲ್ಲ."

ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಅರ್ಧ ಗಂಟೆಯ ಹಿಂದೆ ತೊಂದರೆ ಏನಿಲ್ಲ ಎಂದವರೇ ಈಗ ತಮ್ಮ ತೊಂದರೆಯೇ ದೊಡ್ಡದೆಂದು ಜಂಬ ಕೊಚ್ಚತೊಡಗಿದರು. ನನ್ನ ಬಿರುಕು ನೋಡಿ, ನನ್ನ ಪಾಚಿ ನೋಡಿ ಎಂದು ಅಧಿಕಾರಿಯನ್ನು ಅತ್ತ ಒಬ್ಬರು, ಇತ್ತ ಒಬ್ಬರು ಎಳೆದರು. ಅಜ್ಜಿ, "ಸುಳ್ಳು ಹೇಳಿದೆ ತಾಯಿ, ಆ ಮೆಟ್ಟಿಲು ನನ್ನ ಮಂಡಿ ತಿಂದುಹಾಕ್ತು" ಎಂದಳು. ಅಧಿಕಾರಿ ಬರೆದೇ ಬರೆದರು. ಮೊದಲು ಬರೆದ ಹಾಳೆಯ ಮೇಲೆ ಒಂದು ಗೆರೆ ಎಳೆದದ್ದನ್ನು ಸೂಜಿಯಕ್ಕ ಓರೆಗಣ್ಣಲ್ಲಿ ನೋಡಿದಳು.

ರೇಡಿಯೋ ಒಬ್ಬ ಮಾತ್ರ ತನ್ನ ಅಂಗಡಿಯ ಬಾಗಿಲಿಗೆ ಅಡ್ಡ ನಿಂತಿದ್ದ. ಒಡೆದ ಕಂಬವನ್ನು ನೋಡುತ್ತ, ಕೈಕಟ್ಟಿ, ಬಾಯಿ ಮುಚ್ಚಿ. ಅವನ ಬಾಯಿ ಮುಚ್ಚಿದ್ದು ಕಂಡು ಜನಕ್ಕೆ ಕಟ್ಟಡ ಬೀಳುವುದಕ್ಕಿಂತ ಹೆಚ್ಚು ಗಾಬರಿಯಾಯಿತು.

"ನಿಮ್ಮ ಅಂಗಡಿ?" ಅಧಿಕಾರಿ ಕೇಳಿದರು.

"ನನ್ನದು ಸರಿಯಾಗೇ ಇದೆ."

"ಅಣ್ಣ..." ಸೂಜಿಯಕ್ಕ ಹತ್ತಿರ ಹೋದಳು. ಅವನ ಕೂದಲಲ್ಲಿ, ಹುಬ್ಬಿನಲ್ಲಿ ಇನ್ನೂ ಆ ಹೆಸರಿಲ್ಲದ ಬಣ್ಣದ ಚುಕ್ಕೆಗಳಿದ್ದವು. ಅವಳ ಕಣ್ಣು ತುಂಬಿತು. ಅದನ್ನು ರೇಡಿಯೋ ನೋಡಿದ. ಉಸಿರು ಬಿಟ್ಟು ಬಾಗಿಲಿಂದ ಪಕ್ಕಕ್ಕೆ ಸರಿದ.

"ಒಳಗೆ ಬನ್ನಿ ಮೇಡಂ. ಕುರ್ಚೀಲಿ ಕೂತ್ಕೊಳ್ಳಿ. ಹೂಂ, ಕೂತ್ಕೊಳ್ಳಿ. ಈಗ ಕನ್ನಡಿ ನೋಡಿ."

ಅಧಿಕಾರಿ ಕೂತು ನೋಡಿದರು.

"ಸ್ವಲ್ಪ ಎಡಕ್ಕೆ ವಾಲಿ."

ಅಧಿಕಾರಿ ತಲೆಯನ್ನು ಎಡಕ್ಕೆ ವಾಲಿಸಿದರು.

"ಈಗ ಸರಿ ಕಾಣ್ತಾ?"

"ಕಾಣುತ್ತೆ."

"ಇದೇ ನನ್ನ ಗುಟ್ಟು," ರೇಡಿಯೋ ನಿಟ್ಟುಸಿರಿಟ್ಟ. "ಗೋಡೆ ಒಂದು ಕಡೆ ಕುಸಿದಿದೆ. ಕನ್ನಡಿ ನೆಟ್ಟಗೆ ನಿಲ್ಲಲ್ಲ. ಅದಕ್ಕೆ ಕುರ್ಚಿ ಕೆಳಗೆ ಮರದ ತುಂಡು ಇಟ್ಟು, ಗಿರಾಕಿಗಳಿಗೆಲ್ಲ ಎಡಕ್ಕೆ ವಾಲಿ ಅಂತ ಹೇಳ್ತೀನಿ. ಕೇಳಿದ್ರೆ ಇದೇ ಹೊಸ ಪದ್ಧತಿ ಅಂತೀನಿ. ಈ ಬಡಾವಣೇಲಿ ಗಂಡಸರೆಲ್ಲ ಕ್ಷೌರಕ್ಕೆ ಬೇರೆ ಎಲ್ಲಿ ಹೋಗಿ ಕೂತ್ರೂ ಮೊದಲು ತಲೆ ವಾಲಿಸ್ತಾರೆ."

ಬಾಗಿಲಲ್ಲಿ ಗುಂಪಾಗಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಯ್ಯೋ ಪಾಪಿ! ನನ್ನ ಕತ್ತು ನೋವಿಗೆ ನಾನು ಡಾಕ್ಟ್ರ ಹತ್ರ ಹೋಗಿದ್ದೆ ಕಣೋ!" ಎಂದು ಹಿಂದಿನಿಂದ ಸೂಜಿಯಕ್ಕನ ಗಂಡ ಕೂಗಿದ್ದೇ ತಡ, ಅಂಗಳವೆಲ್ಲ ನಗೆ. ಅಧಿಕಾರಿ ವಾಲಿದ ತಲೆಯಲ್ಲೇ ನಕ್ಕರು, ಕನ್ನಡಿಯಲ್ಲಿ ನೆಟ್ಟಗೆ ಕಂಡಿತು. ಕೋಟಿನವನೊಬ್ಬ ನಗದೆ ಕಾರಿನ ಕಡೆ ನಡೆದ.

ಹೊರಡುವಾಗ ಅಧಿಕಾರಿ ಸೂಜಿಯಕ್ಕನನ್ನು ಪಕ್ಕಕ್ಕೆ ಕರೆದರು. "ಕಟ್ಟಡ ಹೇಗಿದೆ ಅನ್ನೋದನ್ನ ನಾನು ನೋಡಿದ ಹಾಗೆ ಬರೀತೀನಿ. ಆದರೆ ಅಷ್ಟೇ ಸಾಲದು. ಮಾಲೀಕರೂ ಸುಮ್ಮನಿರಲ್ಲ, ಅವರ ಹತ್ರ ಫೋಟೋ ಇದೆ. ಮುಂದಿನ ವಾರ ಶಾಲೆ ಸಭಾಂಗಣದಲ್ಲಿ ಸಮಿತಿ ಕೂರುತ್ತೆ. ಜನ ಬಂದು ಬಾಯಿ ಬಿಟ್ಟು ಹೇಳ್ಬೇಕು. ಇವತ್ತಿನ ಹಾಗೆ ಮೊದಲು 'ಏನಿಲ್ಲ' ಅಂತ ಶುರು ಮಾಡಬೇಡಿ."

ಆ ವಾರ ಸೂಜಿಯಕ್ಕ ಸರಿಯಾಗಿ ಊಟ ಮಾಡಲಿಲ್ಲ. ಭಾಷಣ ಬರೆದಳು. ಯಂತ್ರ ತುಳಿಯುತ್ತ ಅದನ್ನೇ ಗುಣುಗುಣು ಓದಿದಳು. ಯಾರದೋ ಅಂಗಿಗೆ ಎರಡೂ ಎಡಗೈ ತೋಳು ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ರೇಡಿಯೋ ದಿನಾ ಬಂದು ವಿಚಾರಿಸುತ್ತಿದ್ದ. ಮೊದಲ ದಿನ ಅವಳು, "ಅಣ್ಣ, ನನ್ನ ಮೇಲೆ ಕೋಪ ಇದೆಯಾ?" ಎಂದು ಕೇಳಿದ್ದಳು.

"ಕೋಪ ಯಾಕೆ? ನನ್ನ ಕಂಬ ಒಡೆಸಿದೆಯಲ್ಲ, ಅದಕ್ಕೆ ಸ್ವಲ್ಪ ಹೊಟ್ಟೆ ಉರೀತು."

"ಒಡೆದಿದ್ದು ತಾತ."

"ತಾತನ ಮೇಲೆ ಕೋಪ ಮಾಡ್ಕೊಂಡು ನನ್ನ ಗಲ್ಲಾಪೆಟ್ಟಿಗೆ ಬೀಗ ಯಾರ ಹತ್ರ ಮಾಡಿಸ್ಲಿ? ಅದಕ್ಕೆ ನಿನ್ನ ಮೇಲೇ ಇಟ್ಕೊಂಡಿದೀನಿ."

ಸಭೆಯ ದಿನ ಶಾಲೆಯ ಸಭಾಂಗಣದಲ್ಲಿ ಕೂರಲು ಬೆಂಚು ಸಾಲಲಿಲ್ಲ. ಗೋಡೆಗೆ ಒರಗಿ, ಕಿಟಕಿಯಲ್ಲಿ ನೇತು, ಬಾಗಿಲ ಹೊರಗೂ ಜನ. ಮಾಲೀಕರ ಮ್ಯಾನೇಜರು ಮೊದಲು ಎದ್ದು ಪರದೆಯ ಮೇಲೆ ಫೋಟೋಗಳನ್ನು ತೋರಿಸಿದ: ಸಾಲಾಗಿ ನಿಂತ ಕಂಬಗಳು, ಹೊಳೆಯುವ ದೀಪ, ಗುಡಿಸಿದ ಅಂಗಳ. "ಇದನ್ನ ಪಾಳುಬಿದ್ದ ಜಾಗ ಅಂತೀರಾ?" ಎಂದು ಕೇಳಿ ಕೂತ. ನಿಜ ಹೇಳಬೇಕೆಂದರೆ ಫೋಟೋದಲ್ಲಿ ಬಹಳ ಚೆನ್ನಾಗಿಯೇ ಕಾಣುತ್ತಿತ್ತು. ಜನರ ನಡುವಿಂದ ಯಾರೋ, "ಅಬ್ಬ, ಎಷ್ಟು ಚೆಂದ" ಎಂದದ್ದೂ ಕೇಳಿಸಿತು.

"ನಿಮ್ಮ ಪರವಾಗಿ ಯಾರು ಮಾತಾಡ್ತಾರೆ?" ಸಮಿತಿಯ ಅಧ್ಯಕ್ಷರು ಕೇಳಿದರು.

ಸೂಜಿಯಕ್ಕ ಎದ್ದಳು. ಭಾಷಣದ ಹಾಳೆ ಬೆವರಿಗೆ ಒದ್ದೆಯಾಗಿ ಅಕ್ಷರ ಕಲಸಿಹೋಗಿತ್ತು. ಒಂದು ಗಳಿಗೆ ಆ ಹಾಳೆಯನ್ನೇ ನೋಡಿ, ಮಡಚಿ, ಮುಷ್ಟಿಯಲ್ಲಿ ಹಿಡಿದಳು.

"ಆ ಫೋಟೋ ಸುಳ್ಳಲ್ಲ ಸ್ವಾಮಿ," ಎಂದಳು. ದನಿ ಸಣ್ಣಗಿತ್ತು, ಹಿಂದಿನವರು ಕೇಳಿಸದೆ ಮುಂದೆ ಬಗ್ಗಿದರು. "ಒಂದು ದಿನಕ್ಕೆ ಅದು ಹಾಗೇ ಇತ್ತು. ನಾವೇ ಮಾಡಿದ್ದು. ಆ ಸಂಜೆ ಅಲ್ಲಿ ಕೂತಿದ್ದಾಗ, ಈ ಜಾಗ ದಿನಾ ಹೀಗೇ ಇರಬಾರದಾ ಅನ್ನಿಸ್ತು. ಬಣ್ಣ ಬಳಿಯೋದು, ಕಸ ಗುಡಿಸೋದು, ಪರದೆ ಹೊಲಿಯೋದು ನಮ್ಮ ಕೈಲಾಗುತ್ತೆ. ಗೋಡೆ ಎತ್ತೋದು, ಛಾವಣಿ ಹಾಕೋದು ಆಗಲ್ಲ. ಅದಕ್ಕೆ ನಿಮ್ಮನ್ನ ಕೇಳ್ತಿದೀವಿ. ಗೋದಾಮು ಬಂದ್ರೆ ಗುಡಿಸೋಕೂ ನಾವು ಅಲ್ಲಿರಲ್ಲ."

ಇನ್ನೂ ಏನೋ ಹೇಳಬೇಕಿತ್ತು, ನೆನಪಾಗಲಿಲ್ಲ. ಕೂತಳು. ಕೂತ ಮೇಲೆ, ಸ್ವಾಮಿ ಅನ್ನಬಾರದಿತ್ತೇನೋ, ಅಧ್ಯಕ್ಷರೇ ಅನ್ನಬೇಕಿತ್ತೇನೋ ಎಂದು ಗಂಡನ ಕಿವಿಯಲ್ಲಿ ಕೇಳಿದಳು. "ಸುಮ್ನಿರೇ" ಎಂದ ಗಂಡ. ಅವಳ ಕೈ ಹಿಡಿದದ್ದನ್ನು ಬಿಡಲಿಲ್ಲ.

ಆಮೇಲೆ ಅಧಿಕಾರಿ ತಮ್ಮ ವರದಿ ಓದಿದರು. ಸರಳು, ಛಾವಣಿ, ಮೆಟ್ಟಿಲು, ಕೊನೆಗೆ ಕ್ಷೌರದಂಗಡಿಯ ಗೋಡೆ. "ಸದರಿ ಗೋಡೆ ಕುಸಿದಿರುವುದರಿಂದ ಗಿರಾಕಿಗಳು ಎಡಕ್ಕೆ ವಾಲಿ ಕೂರಬೇಕಾಗಿದೆ" ಎಂದು ಅವರು ನಗದೆ ಓದಿದಾಗ ರೇಡಿಯೋ ಎದ್ದು ನಾಲ್ಕೂ ಕಡೆ ಕೈಮುಗಿದ. ಪರವಾಗಿ ಇರುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಸಭಾಂಗಣದ ತುಂಬ ಕೈಗಳು. ಕಿಟಕಿಯಲ್ಲಿ ನೇತಾಡುತ್ತಿದ್ದವರಲ್ಲಿ ಒಬ್ಬ ಕೈ ಎತ್ತಲು ಹೋಗಿ ಹೊರಗೆ ಬಿದ್ದ. ಬಿದ್ದಲ್ಲಿಂದಲೇ ಕೈ ಎತ್ತಿದನಂತೆ. ಎದುರು ಮನೆಯ ಅಜ್ಜಿ ಎರಡೂ ಕೈ ಎತ್ತಿದಳು. ಸಮಿತಿಯವರು ತಲೆಗೆ ತಲೆ ಸೇರಿಸಿ ಮಾತಾಡಿದರು. ಆ ಹೊತ್ತು ಎಷ್ಟು ಉದ್ದವಾಯಿತೆಂದರೆ ಸೂಜಿಯಕ್ಕ ಗಂಡನ ಬೆರಳುಗಳನ್ನು ಹಿಂಡಿ ಬಿಳಿಚಿಸಿದಳು. ವಲಯವೆಂದು ಗುರುತಿಸಲಾಗಿದೆ ಎಂದು ಅಧ್ಯಕ್ಷರು ಹೇಳಿದ್ದು ಅವಳಿಗೆ ಕೇಳಿಸಲೇ ಇಲ್ಲ. ಸುತ್ತಲಿನವರು ಕಿರುಚಿದ್ದರಿಂದ ಗೊತ್ತಾಯಿತು.

ಕೆಲವು ತಿಂಗಳ ಮೇಲೆ ಹೊಸ ಕಟ್ಟಡದ ನಕ್ಷೆ ಬಂತು. ಸೂಜಿಯಕ್ಕನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅದನ್ನು ಹರಡಿ, ನಾಲ್ಕು ಮೂಲೆಗೂ ಕತ್ತರಿ, ಇಸ್ತ್ರಿಪೆಟ್ಟಿಗೆ, ದಾರದ ಡಬ್ಬಿ, ಬ್ರೆಡ್ಡು ಇಟ್ಟು ಎಲ್ಲರೂ ಬಗ್ಗಿದರು. ಯಾರ ಪಕ್ಕ ಯಾರು ಎಂಬುದಕ್ಕೆ ದೊಡ್ಡ ಜಗಳ.

"ನನ್ನನ್ನ ರೇಡಿಯೋ ಪಕ್ಕ ಹಾಕಬೇಡಿ," ಎಂದ ಬೀಗದ ತಾತ. "ಇಷ್ಟು ವರ್ಷ ಕೇಳಿದ್ದು ಸಾಕು. ಹೊಸ ಕಟ್ಟಡದಲ್ಲಾದ್ರೂ ಕಿವಿಗೆ ವಿಶ್ರಾಂತಿ ಬೇಡ್ವಾ?"

"ನಾನಿಲ್ಲದಿದ್ರೆ ನೀವು ಬದುಕಿದೀರೋ ಇಲ್ವೋ ಅಂತ ಯಾರು ಹೇಳ್ತಾರೆ ತಾತ?"

"ಬೇಕರಿ ನಮ್ಮ ಪಕ್ಕ ಇರಲಿ," ಎಂದಳು ಅತ್ತೆ. "ಚಳಿಗಾಲದಲ್ಲಿ ಗೋಡೆ ಬೆಚ್ಚಗಿರುತ್ತೆ."

"ಅತ್ತೆ, ಬೇಸಿಗೇಲಿ?"

"ಬೇಸಿಗೇಲಿ ನೀನು ಅಲ್ಲಿ ಕೂರು, ನಾನು ಕಿಟಕಿ ಹತ್ರ ಕೂರ್ತೀನಿ. ಎಲ್ಲಿ, ಕಿಟಕಿ ತೋರ್ಸು."

ಸೂಜಿಯಕ್ಕ ಚಾಕಿನ ತುದಿಯಿಂದ ನಕ್ಷೆಯ ಮೇಲೆ ಒಂದು ಜಾಗ ತೋರಿಸಿದಳು. ಬೆಳಕು ಪೂರ್ವದಿಂದ ಬರುತ್ತದೆ, ಯಂತ್ರ ಇಲ್ಲಿಟ್ಟರೆ ನೆರಳು ಬಟ್ಟೆಯ ಮೇಲೆ ಬೀಳುವುದಿಲ್ಲ, ಗಿರಾಕಿ ಇಲ್ಲಿ ನಿಂತರೆ ಅಳತೆ ಸರಿಯಾಗಿ ಕಾಣುತ್ತದೆ ಎಂದು ವಿವರಿಸುತ್ತ, ಗೋಡೆ ಒಂದು ಅಡಿ ಆಚೆಗೆ ಹೋಗಬೇಕೆಂದು ಬೇಕರಿಯವನ ಜೊತೆ ಗಟ್ಟಿದನಿಯಲ್ಲಿ ವಾದಕ್ಕೆ ನಿಂತಳು. ಅವಳು ಹೀಗೆ ದನಿಯೇರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಬೇಕರಿಯವನು ಅರ್ಧ ಅಡಿಗೆ ಒಪ್ಪಿದ.

"ಅಕ್ಕ, ನನ್ನ ಪ್ಯಾಂಟು ಇವತ್ತು ಸಿಗುತ್ತಾ, ಇಲ್ಲ ಹೊಸ ಕಟ್ಟಡದಲ್ಲೇ ಸಿಗುತ್ತಾ?" ಬಾಗಿಲಲ್ಲಿ ಬ್ಯಾಂಕಿನ ಗುಮಾಸ್ತ ನಿಂತು ಎಷ್ಟು ಹೊತ್ತಾಗಿತ್ತೋ.

"ಅಯ್ಯೋ, ಬನ್ನಿ ಬನ್ನಿ, ಐದು ನಿಮಿಷ," ಎಂದು ಅವಳು ಎಲ್ಲರನ್ನೂ ಮೇಜಿನ ಬಳಿಯಿಂದ ಸರಿಸಿ, ನಕ್ಷೆಯನ್ನು ಸುರುಳಿ ಸುತ್ತಿ ಅತ್ತೆಯ ಮಡಿಲಿಗೆ ಕೊಟ್ಟು, ಯಂತ್ರದ ಮುಂದೆ ಕೂತಳು.